ಹೊಸ ಟ್ಯಾಂಕಿ, ಹಳೆಯ ಮುಳ್ಳು

ಕಾರಿನ ಪೆಟ್ರೋಲ್ ಟ್ಯಾಂಕಿಯ ಒಳಭಾಗವನ್ನು ಯಾರೂ ನೋಡುವುದಿಲ್ಲ. ಕೊಂಡವರು ನೋಡುವುದಿಲ್ಲ, ಓಡಿಸುವವರು ನೋಡುವುದಿಲ್ಲ, ದಿನವೂ ಮೂತಿಗೆ ಕೊಳವೆ ಇಟ್ಟು ತುಂಬಿಸುವ ಬಂಕಿನ ಹುಡುಗನೂ ನೋಡಿರುವುದಿಲ್ಲ. ಕಾರ್ಖಾನೆಯಲ್ಲಿ ಒತ್ತಿ ತೆಗೆದ ತಗಡಿನ ಎರಡು ಹೋಳುಗಳನ್ನು ಮುಖಾಮುಖಿ ಇಟ್ಟು ಅಂಚು ಬೆಸೆದ ಹೊತ್ತಿಗೆ ಒಳಗೆ ಕತ್ತಲೆ ಕೂತಿತೆಂದರೆ, ಅದು ಟ್ಯಾಂಕಿಯ ಆಯುಷ್ಯ ಮುಗಿಯುವ ತನಕದ ಕತ್ತಲೆ. ಆ ಕತ್ತಲೆಯಲ್ಲಿ ಒಂದು ಪುಟ್ಟ ಬುರುಡೆ ತಂತಿಯ ತೋಳಿನ ತುದಿಗೆ ಅಂಟಿಕೊಂಡು ತೇಲುತ್ತ, ಏರುತ್ತ, ಇಳಿಯುತ್ತ ಇರುತ್ತದೆ. ಅದು ಏರಿದ್ದು ಇಳಿದದ್ದು ನಮಗೆ ಗೊತ್ತಾಗುವುದು ಎರಡು ಮಾರು ಆಚೆ, ಸ್ಟಿಯರಿಂಗಿನ ಎದುರು, ಗಾಜಿನ ಹಿಂದೆ ಮೆಲ್ಲಗೆ ನಡುಗುವ ಒಂದು ಮುಳ್ಳಿನಿಂದ.

ನನಗೆ ಬೆರಗು ಹುಟ್ಟಿಸುವ ಯಂತ್ರಗಳ ಪಟ್ಟಿಯಲ್ಲಿ ರಾಕೆಟ್ಟು ಎಲ್ಲೋ ಕೆಳಗಿದೆ; ಈ ಬುರುಡೆಗೂ ಮುಳ್ಳಿಗೂ ಇರುವ ನಂಟು ಬಹಳ ಮೇಲಿದೆ. ತೋಳಿನ ಬುಡದಲ್ಲಿ ಉಗುರಗಲದ ಒಂದು ಪಟ್ಟಿ. ಅದಕ್ಕೆ ಕೂದಲೆಳೆಯಂಥ ತಂತಿಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಬುರುಡೆ ಏರಿಳಿದಂತೆ ಲೋಹದ ಒಂದು ನಾಲಿಗೆ ಆ ಸುತ್ತುಗಳ ಮೇಲೆ ಸವರುತ್ತ ಸರಿಯುತ್ತದೆ. ನಾಲಿಗೆ ನಿಂತ ಜಾಗಕ್ಕೆ ತಕ್ಕ ಹಾಗೆ ವಿದ್ಯುತ್ತು ಸಾಗುವ ತಂತಿ ಉದ್ದವೋ ಗಿಡ್ಡವೋ ಆಗುತ್ತದೆ, ಅದರ ಪ್ರಕಾರ ಮುಳ್ಳು ಬಾಗುತ್ತದೆ. ಇಷ್ಟೇ. ಇದರಲ್ಲಿ ಚಿಪ್ ಇಲ್ಲ, ಪ್ರೋಗ್ರಾಂ ಇಲ್ಲ. ಗ್ಯಾರೇಜಿನವರು ಇದನ್ನು ‘ಯೂನಿಟ್’ ಅನ್ನುತ್ತಾರೆ. ಯಾವುದರ ಯೂನಿಟ್ ಎಂದು ಯಾರೂ ಕೇಳುವುದಿಲ್ಲ.

ಪೆಟ್ರೋಲಿನ ನಟ್ಟನಡುವೆ ವಿದ್ಯುತ್ತು ಹರಿಸುವ ಧೈರ್ಯ ಮೊದಲು ಯಾರಿಗೆ ಬಂತೋ! ಕರೆಂಟು ತೀರಾ ಕಡಿಮೆ ಎನ್ನುವುದು ಒಂದು ಸಮಾಧಾನ. ಇನ್ನೊಂದು ಸಮಾಧಾನ ಇನ್ನೂ ಚೆನ್ನಾಗಿದೆ. ಗಾಳಿಯಲ್ಲಿ ಪೆಟ್ರೋಲ್ ಆವಿಯ ಪಾಲು ಹೆಚ್ಚುಕಡಿಮೆ ಶೇಕಡಾ 1.4ರಿಂದ 7.6ರ ಒಳಗಿದ್ದರೆ ಮಾತ್ರ ಅದು ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಇರುವ ಮುಚ್ಚಿದ ಟ್ಯಾಂಕಿಯಲ್ಲಿ ಆವಿ ಎಷ್ಟು ದಟ್ಟವೆಂದರೆ, ಉರಿಯಲು ಬೇಕಾದಷ್ಟು ಗಾಳಿಗೆ ಅಲ್ಲಿ ಜಾಗವೇ ಇರುವುದಿಲ್ಲ. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕಿಗೆ ಹೆದರಬೇಕು ಎಂದು ವೆಲ್ಡಿಂಗಿನ ಹಳಬರು ಹೇಳುವುದು ಇದಕ್ಕೇ. ಪೆಟ್ರೋಲ್ ಬಸಿದು ತೆಗೆದ ಟ್ಯಾಂಕಿಯಲ್ಲಿ ಆವಿಯೂ ಗಾಳಿಯೂ ಸರಿಪಾಲಿಗೆ ಬಂದು ನಿಂತಿರುತ್ತವೆ. ಹಾಗಾಗಿ ಅವರು ತೂತಿನ ಹತ್ತಿರದವರೆಗೂ ನೀರು ತುಂಬಿಸಿ ಬೆಸುಗೆಗೆ ಕೂರುತ್ತಾರೆ. ಕೆಲವರು ಪಕ್ಕದಲ್ಲಿ ನಿಂತ ವಾಹನದ ಸೈಲೆನ್ಸರಿಗೆ ಪೈಪು ಕೊಟ್ಟು ಅದರ ಹೊಗೆಯನ್ನೇ ಟ್ಯಾಂಕಿಗೆ ತುಂಬಿಸುತ್ತಾರೆ. ಆಮ್ಲಜನಕ ಹೊರಗೆ ಹೋಗುತ್ತದೆ. ಒಂದು ಇಂಜಿನ್ನು ಉಸಿರು ಬಿಟ್ಟು ಇನ್ನೊಂದು ಗಾಡಿಯನ್ನು ಕಾಯುತ್ತದೆ. ಇದನ್ನು ಓದಿ ಮನೆಯಂಗಳದಲ್ಲಿ ಯಾರೂ ಪ್ರಯೋಗಕ್ಕೆ ಇಳಿಯಬೇಡಿ.

ಬ್ರಹ್ಮಾವರದಿಂದ ಕುಂದಾಪುರ, ಅಲ್ಲಿಂದ ಬೈಂದೂರು. ಹೆದ್ದಾರಿ 66ರ ಈ ತುಂಡು ಹಳೆಯ ತಗಡಿಗೆ ಒಳ್ಳೆಯ ಜಾಗವಲ್ಲ. ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಪ್ರವಾಸಿಗಳು ಕಾರು ನಿಲ್ಲಿಸಿ ಫೋಟೋ ತೆಗೆಯುವ ಆ ಗಾಳಿಯಲ್ಲಿ ಉಪ್ಪಿರುತ್ತದೆ, ಮತ್ತು ಉಪ್ಪಿಗೆ ಕಬ್ಬಿಣದ ಮೇಲೆ ಮುನಿಸು. ಮಳೆಗಾಲವಂತೂ ಹೇಳುವುದೇ ಬೇಡ, ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಲೆಕ್ಕದ ಸೀಮೆ ಇದು. ಆದರೂ ಟ್ಯಾಂಕಿಯನ್ನು ತಿನ್ನುವ ತುಕ್ಕು ಹೆಚ್ಚಾಗಿ ಸಮುದ್ರದ ಕಡೆಯಿಂದ ಬರುವುದಿಲ್ಲ, ಒಳಗಿನಿಂದಲೇ ಬರುತ್ತದೆ. ಅರ್ಧ ತುಂಬಿದ ಟ್ಯಾಂಕಿಯನ್ನು ಶೆಡ್ಡಿನಲ್ಲಿ ಬಿಟ್ಟರೆ ಉಳಿದರ್ಧ ಗಾಳಿ. ನಮ್ಮ ಕರಾವಳಿಯ ಗಾಳಿಯೆಂದರೆ ನೀರು ಕುಡಿದ ಗಾಳಿ. ಹಗಲು ಕಾದು ರಾತ್ರಿ ತಣಿದಾಗ ಆ ನೀರು ಒಳಗೋಡೆಯಲ್ಲಿ ಹನಿಗಟ್ಟಿ ಕೆಳಗಿಳಿಯುತ್ತದೆ. ಪೆಟ್ರೋಲಿಗಿಂತ ನೀರು ಭಾರ. ತಳ ಸೇರಿತೆಂದರೆ ಅಲ್ಲಿಂದ ಅದನ್ನು ಎಬ್ಬಿಸುವವರಿಲ್ಲ. ಹೊರಗೆ ಬಣ್ಣ ಮಾಸದೆ ಇರುವಾಗಲೇ ತಳ ಜಾಲರಿಯಾಗಿರುತ್ತದೆ.

ಮಾಡಿದವರಿಗೆ ಇದು ಗೊತ್ತಿತ್ತು ಎನ್ನುವುದು ಹಳೆಯ ಟ್ಯಾಂಕಿಯನ್ನು ಸೀಳಿ ನೋಡಿದಾಗ ತಿಳಿಯುತ್ತದೆ. ಪೆಟ್ರೋಲ್ ಹೀರುವ ಕೊಳವೆಯ ಬಾಯಿ ತಳ ಮುಟ್ಟುವುದಿಲ್ಲ, ಒಂದಿಷ್ಟು ಮೇಲೆಯೇ ನಿಂತಿರುತ್ತದೆ. ಸಾರು ಬಗ್ಗಿಸುವಾಗ ತಳದ ಚರಟ ಬಟ್ಟಲಿಗೆ ಬೀಳದ ಹಾಗೆ ನೋಡಿಕೊಳ್ಳುವ ಕೈಯಂತೆ, ನೀರು ಕೆಸರು ಅಲ್ಲೇ ಉಳಿಯಲಿ ಎಂಬ ಲೆಕ್ಕಾಚಾರ. ಅತ್ಯಂತ ತಗ್ಗಿನ ಜಾಗದಲ್ಲಿ ಒಂದು ಬಿರಡೆ. ಆಗಾಗ ಬಿಚ್ಚಿ ಕೆಸರು ಬಸಿಯಲಿ ಎಂದು. ತಗಡಿನ ಮೈಗೆ ಸೀಸ ಮತ್ತು ತವರ ಬೆರೆಸಿದ ಲೇಪ. ‘ಟರ್ನ್ ಪ್ಲೇಟ್’ ಎಂದು ಅದರ ಹೆಸರು, ಪೆಟ್ರೋಲ್ ಟ್ಯಾಂಕಿಗಳಿಗೆ ಬಹುಕಾಲ ಅದೇ ವಾಡಿಕೆ. ಒಳಗೆ ಅಡ್ಡಗೋಡೆಗಳು, ಅವುಗಳಲ್ಲಿ ತೂತುಗಳು. ಯಾರೂ ನೋಡದ ಜಾಗದಲ್ಲಿ ಇಷ್ಟು ಮುತುವರ್ಜಿ.

ಅಡ್ಡಗೋಡೆಯ ಮಾತು ಬಂತಲ್ಲ. ಕೊಲ್ಲೂರಿನಲ್ಲಿ ಕೊಡಚಾದ್ರಿಗೆ ಹೋಗುವ ಜೀಪುಗಳ ಸಾಲನ್ನು ನೀವು ನೋಡಿರಬಹುದು. ಆ ಜೀಪುಗಳ ವಂಶದ ಮೂಲ ಅಮೆರಿಕದ ವಿಲ್ಲಿಸ್. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಹೀಂದ್ರಾ ಅದನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ ಟ್ಯಾಂಕಿ ಇದ್ದದ್ದು ಡ್ರೈವರನ ಸೀಟಿನ ಅಡಿಯಲ್ಲಿ. ಪೆಟ್ರೋಲ್ ತುಂಬಿಸಬೇಕೆಂದರೆ ಆತ ಎದ್ದು ಸೀಟು ಎತ್ತಬೇಕಿತ್ತು. ಇಂಧನದ ಮೇಲೆಯೇ ಕುಳಿತು ಯುದ್ಧ ಮಾಡಿದವರು. ಘಾಟಿಯ ಕಲ್ಲುದಾರಿಯಲ್ಲಿ ಜೀಪು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲುವಾಗ ಟ್ಯಾಂಕಿಯಲ್ಲಿ ಅಡ್ಡಗೋಡೆ ಇಲ್ಲದಿದ್ದರೆ ಇದ್ದಬದ್ದ ಇಂಧನವೆಲ್ಲ ಒಂದು ಮೂಲೆಗೆ ನುಗ್ಗುತ್ತದೆ. ಹೀರುವ ಕೊಳವೆಯ ಬಾಯಿಗೆ ಗಾಳಿ ಸಿಗುತ್ತದೆ. ಅರ್ಧ ಟ್ಯಾಂಕಿ ಇಂಧನ ಇಟ್ಟುಕೊಂಡೇ ಇಂಜಿನ್ನು ಕೆಮ್ಮಿ ನಿಲ್ಲುತ್ತದೆ, ಅದೂ ಏರಿನಲ್ಲಿ. ಊರಲ್ಲಿ ತಗಡು ಬಾಗಿಸಿ ಮಾಡಿಸಿದ ಹೊಸ ಟ್ಯಾಂಕಿಗಳಲ್ಲಿ ಸಾಮಾನ್ಯವಾಗಿ ಮರೆತುಹೋಗುವುದು ಈ ಗೋಡೆಯೇ. ಹೊರಗಿನ ಅಳತೆ ಎಲ್ಲ ಸರಿ, ಬಣ್ಣ ಸರಿ, ನೀರು ತುಂಬಿಸಿ ನೋಡಿದರೆ ಸೋರುವುದಿಲ್ಲ. ದೋಷ ಗೊತ್ತಾಗುವುದು ಗುಡ್ಡ ಹತ್ತುವಾಗ.

ಇನ್ನೊಂದು ಸಂಗತಿ. ಪೆಟ್ರೋಲ್ ಇಂಜಿನ್ನಿನ ಜೀಪಿಗೆ ಡೀಸೆಲ್ ಇಂಜಿನ್ನು ಕೂರಿಸುವ ಕಾಲವೊಂದಿತ್ತು. ಡೀಸೆಲ್ ಇಂಜಿನ್ನು ಹೀರಿದ್ದನ್ನೆಲ್ಲ ಸುಡುವುದಿಲ್ಲ, ಮಿಕ್ಕದ್ದನ್ನು ಟ್ಯಾಂಕಿಗೆ ಹಿಂತಿರುಗಿಸುತ್ತದೆ. ಅದಕ್ಕೆ ಇನ್ನೊಂದು ದಾರಿ ಬೇಕು. ಹಳೆಯ ಪೆಟ್ರೋಲ್ ಟ್ಯಾಂಕಿಗೇ ತೂತು ಕೊರೆದು ಒಂದು ಹಿಂಗೊಳವೆ ಬೆಸೆಯುತ್ತಿದ್ದರು. ಅಂಥ ಟ್ಯಾಂಕಿಯನ್ನು ಗುಜರಿಯಲ್ಲಿ ಕಂಡರೆ ಅದು ಯಾವ ಗಾಡಿಯದೆಂಬುದಷ್ಟೇ ಅಲ್ಲ, ಅದರ ಗಾಡಿ ಯಾವಾಗಲೋ ಮನಸ್ಸು ಬದಲಿಸಿತ್ತು ಎಂಬುದೂ ತಿಳಿಯುತ್ತದೆ.

ಈ ಕಡೆ ಹಳೆಯ ಕಾರೆಂದರೆ ಮುಖ್ಯವಾಗಿ ಎರಡು. ಒಂದು ಅಂಬಾಸಿಡರ್. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಅಚ್ಚಿನಲ್ಲಿ 1950ರ ದಶಕದ ಕೊನೆಗೆ ಬಂಗಾಳದ ಉತ್ತರಪಾರಾದಲ್ಲಿ ಹುಟ್ಟಿ, 2014ರ ಮೇ ತಿಂಗಳಲ್ಲಿ ನಿಂತುಹೋದದ್ದು. ಇನ್ನೊಂದು ಫಿಯೆಟ್ ಎಂದೇ ಜನ ಕರೆದ ಪ್ರೀಮಿಯರ್ ಪದ್ಮಿನಿ. ಕುಂದಾಪುರ ಬೈಂದೂರಿನ ಎಷ್ಟೋ ಮನೆಗಳಿಗೆ ಮುಂಬಯಿಯ ಹೋಟೆಲಿನ ನಂಟಿದ್ದುದರಿಂದ ಪದ್ಮಿನಿ ನಮಗೆ ಪರವೂರಿನದೆಂದು ಅನಿಸಲೇ ಇಲ್ಲ. ಆ ನಗರದ ಕಪ್ಪು–ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಅಲ್ಲಿ ಇಪ್ಪತ್ತು ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರ್ ಮುಗಿಯುವಾಗ ಅವುಗಳ ಕಾಲವೂ ಮುಗಿಯಿತು. ಟ್ಯಾಕ್ಸಿ ಹೋದರೆ ಬಿಡಿಭಾಗದ ಅಂಗಡಿಯೂ ಹೋಗುತ್ತದೆ ಎಂಬುದು ಪೇಪರಿನಲ್ಲಿ ಬರದ ಸುದ್ದಿ. ಬೀದಿಯಲ್ಲಿ ಸಾವಿರಗಟ್ಟಲೆ ಓಡುತ್ತಿದ್ದಾಗ ಯಾವ ಭಾಗಕ್ಕೂ ಬರವಿರಲಿಲ್ಲ.

ಹಾಗಾಗಿ ಈಗ ಶೆಡ್ಡಿನಲ್ಲಿ ಉಳಿದಿರುವ ಒಂದು ಅಂಬಾಸಿಡರಿನ ಟ್ಯಾಂಕಿ ಸೋರಿತು ಅಂದುಕೊಳ್ಳಿ. ಮೊದಲ ಉಪಚಾರ ಬಟ್ಟೆ ತೊಳೆಯುವ ಸೋಪು. ಸೋರುವ ಜಾಗಕ್ಕೆ ಬಾರ್ ಸೋಪನ್ನು ಉಜ್ಜಿ ತುಂಬಿದರೆ ಸೋರುವುದು ನಿಲ್ಲುತ್ತದೆ. ನೀರಿನಲ್ಲಿ ಕರಗಿಹೋಗುವ ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ! ಎಣ್ಣೆ ಜಿಡ್ಡು ತೆಗೆಯಲೆಂದೇ ಹುಟ್ಟಿದ ವಸ್ತು ಎಣ್ಣೆಯ ಟ್ಯಾಂಕಿಗೆ ಬಿರಡೆಯಾಗಿ ಕೂರುವುದನ್ನು ಕಂಡುಹಿಡಿದ ಲಾರಿ ಕ್ಲೀನರನಿಗೆ ಯಾವ ವಿಜ್ಞಾನ ಪರಿಷತ್ತೂ ಶಾಲು ಹೊದೆಸಲಿಲ್ಲ. ಎರಡನೆಯದು ಎಂ-ಸೀಲ್. ಮೂರನೆಯದು ಬೆಸುಗೆ. ನಾಲ್ಕನೆಯ ಸಲ ಮೆಕ್ಯಾನಿಕ್ಕು ಸುತ್ತಿಗೆಯ ಹಿಡಿಯಿಂದ ತಳಕ್ಕೆ ಮೆಲ್ಲಗೆ ಕುಟ್ಟಿ, ಸದ್ದು ಕೇಳಿ, ತಲೆಯಾಡಿಸುತ್ತಾನೆ. ಬೆಸೆಯಲು ಗಟ್ಟಿ ತಗಡೇ ಉಳಿದಿಲ್ಲ.

ಈಚೆಗೆ ಆ ದಿನ ಇನ್ನೂ ಬೇಗ ಬರುತ್ತಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ-20 ಪೆಟ್ರೋಲ್ ಈಗ ನಮ್ಮ ಬಂಕುಗಳಿಗೂ ಬಂದಿದೆ. ಅದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್: ಕಬ್ಬಿನದು, ಅಕ್ಕಿಯದು, ಮೆಕ್ಕೆಜೋಳದ್ದು. ಎಥೆನಾಲಿಗೆ ನೀರೆಂದರೆ ಪ್ರೀತಿ. ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಒಂದು ಹಂತದವರೆಗೆ ನೀರನ್ನು ತನ್ನೊಳಗೆ ಬಚ್ಚಿಟ್ಟುಕೊಂಡಿರುತ್ತದೆ. ಆ ಹಂತ ಮೀರಿದ ಕೂಡಲೇ ನೀರನ್ನು ಅಪ್ಪಿಕೊಂಡೇ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿದು ಕೂರುತ್ತದೆ. ಸೀಸದ ಹಳೆಯ ಲೇಪವನ್ನು ಸವೆಸಬಲ್ಲದು, ಹಳೆಯ ರಬ್ಬರನ್ನು ಉಬ್ಬಿಸಬಲ್ಲದು. ಎಷ್ಟೋ ವರ್ಷದಿಂದ ಗೋಡೆಗೆ ಅಂಟಿಕೊಂಡಿದ್ದ ಅಂಟನ್ನೆಲ್ಲ ಸಡಿಲಿಸಿ ಕಾರ್ಬ್ಯುರೇಟರಿಗೆ ಕಳಿಸುತ್ತದೆ. ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿ ಇಷ್ಟು ವರ್ಷವಾಯಿತು. ಕೋಟೇಶ್ವರದ ಕೊಡಿ ಹಬ್ಬದಲ್ಲಿ ಹೊಸ ಮದುಮಕ್ಕಳು ಕೊಂಡುಹೋಗುವ ಕಬ್ಬಿನ ಕೊಡಿಯನ್ನು ಬಿಟ್ಟರೆ ಇಲ್ಲಿ ಕಬ್ಬಿನ ಮಾತು ಕಡಿಮೆಯಾಗಿತ್ತು. ಈಗ ಕಬ್ಬು ಎಲ್ಲಿಂದಲೋ ಬಂದು ನೇರ ಟ್ಯಾಂಕಿಯನ್ನೇ ಹೊಕ್ಕಿದೆ. ದೇಶದ ಎಣ್ಣೆ ಆಮದಿನ ಲೆಕ್ಕದಲ್ಲಿ ಇದು ಸರಿಯೇ ಇರಬಹುದು. 1970ರ ಕಾರಿಗೆ ಆ ಲೆಕ್ಕ ಅರ್ಥವಾಗುವುದಿಲ್ಲ, ಅಷ್ಟೆ.

ಸರಿ, ಹೊಸ ಟ್ಯಾಂಕಿ ಬಂತು. ಎಲ್ಲಿಂದಲೋ ಸಿಕ್ಕಿದ್ದೋ, ಟಿಂಕರಿಂಗಿನವರಲ್ಲಿ ಮಾಡಿಸಿದ್ದೋ. ಹಳೆಯದನ್ನು ಇಳಿಸಿ ಪಕ್ಕದಲ್ಲಿಟ್ಟಿದ್ದಾರೆ. ನನ್ನ ಬೆರಗು ಶುರುವಾಗುವುದು ಇಲ್ಲಿಂದ. ಹಳೆಯ ಮೆಕ್ಯಾನಿಕ್ಕು ಹೊಸ ಟ್ಯಾಂಕಿಯ ಕಡೆ ನೋಡುವುದೇ ಇಲ್ಲ, ಹಳೆಯದರ ಮೇಲೆ ಬಾಗುತ್ತಾನೆ. ‘ಟ್ಯಾಂಕಿ ಹೋಯ್ಲಿ, ಯೂನಿಟ್ ಬಿಸಾಡ್ಬೇಡಿ ಮಾರಾಯ್ರೆ, ಅದ್ ಈಗ ಎಲ್ಲ್ ಸಿಕ್ಕತ್?’ ಅನ್ನುತ್ತಾನೆ. ಯೂನಿಟ್ಟನ್ನು ಹಿಡಿದಿಟ್ಟ ಉಂಗುರವನ್ನು ಹಿತ್ತಾಳೆಯ ಉಳಿಯಿಂದ ತಟ್ಟಿ ತಟ್ಟಿ ತಿರುಗಿಸುತ್ತಾನೆ. ಉಕ್ಕಿನ ಉಳಿ ಕಿಡಿ ಹಾರಿಸುತ್ತದೆ, ಹಿತ್ತಾಳೆ ಹಾರಿಸುವುದಿಲ್ಲ. ಉಂಗುರ, ಯೂನಿಟ್ಟು, ಮೂತಿಯ ಕೊಳವೆ, ಮುಚ್ಚಳ, ತಳದ ಬಿರಡೆ, ಟ್ಯಾಂಕಿಯನ್ನು ಕಟ್ಟಿ ಹಿಡಿಯುವ ಪಟ್ಟಿಗಳು, ಪೈಪಿನ ಹಿತ್ತಾಳೆ ನಟ್ಟುಗಳು ಒಂದೊಂದಾಗಿ ಹಳೆಯ ಬಟ್ಟೆಯ ಮೇಲೆ ಬಂದು ಕೂರುತ್ತವೆ. ದೊಡ್ಡದು ಹೋಗುತ್ತದೆ, ಸಣ್ಣವು ಉಳಿಯುತ್ತವೆ.

ಯಾಕೆ ಉಳಿಯಬೇಕು? ಅಂಗಡಿಯಲ್ಲಿ ಹೊಸ ಯೂನಿಟ್ಟು ಸಿಗುವುದಿಲ್ಲವೇ? ಸಿಗುತ್ತದೆ, ಯಾವುದೋ ಒಂದು. ತೂತಿಗೂ ಕೂರುತ್ತದೆ. ಆದರೆ ಮುಳ್ಳಿಗೆ ಅದರ ಸುದ್ದಿ ತಿಳಿಯಬೇಕಲ್ಲ. ಪ್ರತಿ ಕಂಪನಿಯೂ ಬುರುಡೆಗೂ ಮುಳ್ಳಿಗೂ ತನ್ನದೇ ಒಂದು ಸಂಕೇತ ಇಟ್ಟುಕೊಂಡಿತ್ತು. ಅಮೆರಿಕದ ಜನರಲ್ ಮೋಟರ್ಸಿನ ಎಷ್ಟೋ ಹಳೆಯ ಕಾರುಗಳಲ್ಲಿ ಟ್ಯಾಂಕಿ ಖಾಲಿಯಾದಾಗ ಯೂನಿಟ್ಟಿನ ರೋಧ ಸೊನ್ನೆ, ತುಂಬಿದಾಗ 90 ಓಮ್. ಫೋರ್ಡಿನ ಹಳೆಯ ಕಾರುಗಳಲ್ಲಿ ತಿರುವುಮುರುವು: ಖಾಲಿಗೆ ಸುಮಾರು 73, ತುಂಬಿದ್ದಕ್ಕೆ 10. ಒಂದರ ಬುರುಡೆಯನ್ನು ಇನ್ನೊಂದರ ಮುಳ್ಳಿಗೆ ಕಟ್ಟಿದರೆ ಟ್ಯಾಂಕಿ ತುಂಬಿದಾಗ ಮುಳ್ಳು ಖಾಲಿ ಎನ್ನುತ್ತದೆ, ಬತ್ತಿದಾಗ ತುಂಬಿದೆ ಎನ್ನುತ್ತದೆ. ಹೆಮ್ಮಾಡಿಯ ಹತ್ತಿರ ನಡುರಾತ್ರಿ ಗಾಡಿ ನಿಂತಾಗಲೂ ಮುಳ್ಳು ನಗುತ್ತಲೇ ಇರುತ್ತದೆ. ಎರಡೂ ಹೊಸತಾದರೂ ತೊಂದರೆಯಿಲ್ಲ, ಎರಡೂ ಹಳತಾದರೂ ತೊಂದರೆಯಿಲ್ಲ. ಒಂದನ್ನು ಉಳಿಸಿ ಇನ್ನೊಂದನ್ನು ಬದಲಿಸಿದಾಗಲೇ ಸುಳ್ಳು ಹುಟ್ಟುತ್ತದೆ.

ತೂತುಗಳದ್ದೂ ಒಂದು ಕಥೆ. ಐದು ತಿರುಪಿನಿಂದ ಕೂರುವ ಯೂನಿಟ್ಟುಗಳಲ್ಲಿ ಐದೂ ತೂತುಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ. ಯೂನಿಟ್ಟು ಒಂದೇ ದಿಕ್ಕಿನಲ್ಲಿ ಕೂರಬೇಕು, ತೋಳು ಅಡ್ಡಗೋಡೆಗೆ ತಾಗದೆ ಆಡಬೇಕು. ಅಂದವಾಗಿರಲಿ ಎಂದು ಸಮ ಅಂತರದಲ್ಲಿ ತೂತು ಕೊರೆದ ಹೊಸ ಟ್ಯಾಂಕಿಯಲ್ಲಿ ಯೂನಿಟ್ಟು ಕೂರುವುದೇ ಇಲ್ಲ. ತೂತನ್ನು ಅರದಿಂದ ಹಿಗ್ಗಿಸಿ ಕೂರಿಸಿದರೆ ಬುರುಡೆ ಎಲ್ಲೋ ಸಿಕ್ಕಿಕೊಂಡು ಮುಳ್ಳು ಅರ್ಧದಲ್ಲೇ ನಿಂತುಬಿಡುತ್ತದೆ. ಆ ಸೊಟ್ಟತನದಲ್ಲಿ ಇಂಗ್ಲೆಂಡಿನದೋ ಅಮೆರಿಕದ್ದೋ ಒಬ್ಬ ನಕ್ಷೆಗಾರನ ಬುದ್ಧಿ ಕೂತಿದೆ. ಅವನನ್ನು ನಾವು ಕಂಡಿಲ್ಲ. ಅವನು ಕುಂದಾಪುರದ ಹೆಸರು ಕೇಳಿರಲಿಕ್ಕಿಲ್ಲ. ಆದರೂ ಯಾವಾಗಲೋ ಯಾವುದೋ ಊರಲ್ಲಿ ಯಾರೋ ಒಬ್ಬ ಇದನ್ನು ಬಿಚ್ಚಿ ಮತ್ತೆ ಹಾಕುತ್ತಾನೆ, ಆಗ ಅವನ ಕೈ ತಪ್ಪಬಾರದು ಎಂದು ಒಂದು ತೂತನ್ನು ಕೂದಲಷ್ಟು ಸರಿಸಿಟ್ಟು ಹೋಗಿದ್ದಾನೆ.

ಬುರುಡೆಯನ್ನು ಪರೀಕ್ಷಿಸುವ ರೀತಿಯೂ ನೋಡಲು ಚೆಂದ. ಹಿತ್ತಾಳೆಯ ಬುರುಡೆಗೆ ಕಣ್ಣಿಗೆ ಕಾಣದ ತೂತು ಬಿದ್ದಿದ್ದರೆ ಒಳಗೆ ಪೆಟ್ರೋಲ್ ಹೊಕ್ಕು ಅದು ತೇಲುವುದನ್ನು ಬಿಟ್ಟು ಮುಳುಗುತ್ತದೆ. ಕಿವಿಯ ಹತ್ತಿರ ಹಿಡಿದು ಕುಲುಕುತ್ತಾರೆ. ಅನುಮಾನ ಬಂದರೆ ಬಿಸಿ ನೀರಿನ ಬಟ್ಟಲಿಗೆ ಅದ್ದುತ್ತಾರೆ. ಒಳಗಿನ ಗಾಳಿ ಹಿಗ್ಗಿ ತೂತಿನಿಂದ ಗುಳ್ಳೆ ಗುಳ್ಳೆಯಾಗಿ ಹೊರಬರುತ್ತದೆ, ತೂತು ತಾನೇ ತನ್ನ ಜಾಗ ತೋರಿಸುತ್ತದೆ. ಪೂರ್ತಿ ಒಣಗಿಸಿ ಒಂದು ಹನಿ ತವರ ಬಿಟ್ಟರೆ ಬುರುಡೆ ಮತ್ತೆ ತೇಲಲು ತಯಾರು.

ಹಾಗೆಂದು ಹಳತೆಲ್ಲವನ್ನೂ ಪೂಜಿಸುವವರ ಗುಂಪಿಗೆ ನಾನು ಸೇರುವುದಿಲ್ಲ. ಯೂನಿಟ್ಟಿನ ಅಡಿಯ ಕಾರ್ಕಿನ ಪ್ಯಾಕಿಂಗು, ಮೂತಿಯ ರಬ್ಬರು, ಪೆಟ್ರೋಲ್ ಪೈಪಿನ ಮೆದು ತುಂಡುಗಳು ಇವೆಲ್ಲ ಎಷ್ಟೇ ‘ಒರಿಜಿನಲ್’ ಆಗಿದ್ದರೂ ಹೊರಗೆ ಎಸೆಯತಕ್ಕವೇ. ಈಗಿನ ಪೆಟ್ರೋಲನ್ನು ತಡೆಯುವ ಹೊಸ ರಬ್ಬರು ಸಿಗುವಾಗ ಐವತ್ತು ವರ್ಷದ ಕಾರ್ಕನ್ನು ಅಂಟು ಹಚ್ಚಿ ಕೂರಿಸುವುದು ಭಕ್ತಿಯಲ್ಲ, ಬೆಂಕಿಗೆ ಕೊಟ್ಟ ಆಮಂತ್ರಣ. ಹಳೆಯ ಕಾರಿನ ಹುಚ್ಚಿರುವ ಕೆಲವರು ಮೂಲ ಮುಚ್ಚಳಕ್ಕೆ ಸಾವಿರಗಟ್ಟಲೆ ಕೊಟ್ಟು, ಪೈಪಿನ ಕ್ಲಿಪ್ಪಿಗೆ ಐವತ್ತು ರೂಪಾಯಿ ಬಿಚ್ಚಲು ಹಿಂದೆಮುಂದೆ ನೋಡುವುದನ್ನು ಕಂಡಿದ್ದೇನೆ. ಮುಚ್ಚಳ ಹೊರಗೆ ಕಾಣುತ್ತದೆ, ಕ್ಲಿಪ್ಪು ಕಾಣುವುದಿಲ್ಲ. ಕಾರಣ ಅಷ್ಟೇ ಇರಬೇಕು.

ಹಾಗಾದರೆ ಒಂದು ಕಾರಿನಲ್ಲಿ ಮೂಲದ್ದು ಎಂದರೆ ಯಾವುದು? ಸರಕಾರಕ್ಕೆ ಇದಕ್ಕೊಂದು ಉತ್ತರವಿದೆ. 2021ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹಳೆಯ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಗಾಡಿಗಳು ‘ವಿಂಟೇಜ್’. ಅವುಗಳ ಸಂಖ್ಯಾಫಲಕದಲ್ಲಿ ರಾಜ್ಯದ ಅಕ್ಷರದ ನಂತರ ‘ವಿಎ’. ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಷಾಸಿ, ಮೈಕಟ್ಟು, ಇಂಜಿನ್ನು ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎನ್ನುತ್ತದೆ ನಿಯಮ. ಟ್ಯಾಂಕಿಯ ಹೆಸರು ಅಲ್ಲಿಲ್ಲ. ಯೂನಿಟ್ಟಿನದು ಹೇಗೂ ಇಲ್ಲ. ಕಾನೂನು ನೋಡುವುದು ಹೊರಗಿನಿಂದ. ನಿಂತು ನೋಡಿದರೆ ಕಾಣುವ ಮೂರು ದೊಡ್ಡ ವಸ್ತುಗಳನ್ನು ಅದು ಎಣಿಸಿತು. ತಪ್ಪೇನಿಲ್ಲ. ಆರ್‌ಟಿಓ ಅಧಿಕಾರಿ ಟ್ಯಾಂಕಿಯೊಳಗೆ ಟಾರ್ಚು ಬಿಡಲಾದೀತೇ?

ಇನ್ನೊಂದು ಉತ್ತರ ಎರಡು ಸಾವಿರ ವರ್ಷಕ್ಕೂ ಹಿಂದಿನದು, ಅದೂ ಗಾಡಿಯದ್ದೇ. ಗ್ರೀಕ್ ಮೂಲದ ದೊರೆ ಮಿಲಿಂದ ಭಿಕ್ಷು ನಾಗಸೇನನನ್ನು ಕಾಣಲು ರಥದಲ್ಲಿ ಬರುತ್ತಾನೆ. ನೀನು ಬಂದ ರಥ ಎಂದರೆ ಯಾವುದು, ಅಚ್ಚೇ, ಗಾಲಿಯೇ, ನೊಗವೇ ಎಂದು ನಾಗಸೇನ ಒಂದೊಂದನ್ನೇ ಹೆಸರಿಸಿ ಕೇಳುತ್ತಾನೆ. ಯಾವುದೂ ಅಲ್ಲ ಎಂದು ದೊರೆ ಒಪ್ಪಿಕೊಳ್ಳಬೇಕಾಗುತ್ತದೆ; ಇವೆಲ್ಲ ಕೂಡಿದಾಗ ನಾವು ಇಟ್ಟುಕೊಂಡ ಹೆಸರಷ್ಟೇ ರಥ ಎಂಬಲ್ಲಿಗೆ ಮಾತು ಬಂದು ಮುಟ್ಟುತ್ತದೆ. ನಾಗಸೇನನ ಮುಂದೆ ವಾದಕ್ಕೆ ನಿಲ್ಲುವ ಯೋಗ್ಯತೆ ನನಗಿಲ್ಲ. ಆದರೆ ಗ್ಯಾರೇಜಿನಲ್ಲಿ ಅವನ ಪ್ರಶ್ನೆ ಕೇಳಿದರೆ ಒಂದು ಕೊಸರು ಉಳಿಯುತ್ತದೆ. ಅವನು ಭಾಗಗಳನ್ನು ಹೆಸರಿಸಿದ, ಭಾಗಗಳ ನಡುವಿನ ಹೊಂದಿಕೆಯನ್ನು ಹೆಸರಿಸಲಿಲ್ಲ. ಗಾಲಿಗೂ ಅಚ್ಚಿಗೂ ನಡುವೆ ಎಷ್ಟು ಸಡಿಲ ಬೇಕೆನ್ನುವುದು ಗಾಲಿಯಲ್ಲೂ ಇಲ್ಲ, ಅಚ್ಚಿನಲ್ಲೂ ಇಲ್ಲ. ಅದು ಹೆಸರು ಮಾತ್ರವೂ ಅಲ್ಲ. ತಪ್ಪಿದರೆ ರಥ ಮಗುಚುತ್ತದೆ.

ರಥದ ವಿಷಯದಲ್ಲಿ ಕುಂದಾಪುರದವರು ಯಾರಿಂದಲೂ ಹೇಳಿಸಿಕೊಳ್ಳಬೇಕಾಗಿಲ್ಲ. ಪಕ್ಕದ ಕೋಟೇಶ್ವರ ರಥ ಕಟ್ಟುವವರ ಊರು. ಕುಕ್ಕೆ ಸುಬ್ರಹ್ಮಣ್ಯದಲ್ಲಿ ನಾಲ್ಕು ಶತಮಾನದ್ದೆಂದು ಹೇಳುವ ಬ್ರಹ್ಮರಥ ಜೀರ್ಣವಾದಾಗ ಹೊಸದು ತಯಾರಾದದ್ದು ಇಲ್ಲೇ. 2019ರಲ್ಲಿ ಅದನ್ನು ಇಲ್ಲಿಂದ ಮೆರವಣಿಗೆಯಲ್ಲಿ ಕೊಂಡುಹೋದರು. ನಮ್ಮ ಕಡೆಯ ದೇವಸ್ಥಾನದ ದೊಡ್ಡ ರಥವನ್ನು ಉತ್ಸವ ಇಲ್ಲದ ದಿನ ನೋಡಿ. ಕೆತ್ತನೆಯ ಮರದ ಕೆಳಭಾಗ, ಗಾಲಿ, ಅಚ್ಚು ಅಷ್ಟೇ ನಿಂತಿರುತ್ತದೆ. ಮೇಲಿನ ಗುಂಡಗಿನ ಎತ್ತರವೆಲ್ಲ ವರ್ಷಕ್ಕೊಮ್ಮೆ ಬಿದಿರು, ಅಡಿಕೆ ಮರ, ಬೆತ್ತ, ಹಗ್ಗ, ಪತಾಕೆಗಳಿಂದ ಕಟ್ಟಿ ಮತ್ತೆ ಬಿಚ್ಚುವಂಥದ್ದು. ಜನರ ಕಣ್ಣಿಗೆ ತುಂಬುವುದು, ದೂರದಿಂದ ರಥ ಎಂದು ಗುರುತು ಸಿಗುವುದು ಆ ಎತ್ತರವೇ. ಅದು ಪ್ರತಿ ವರ್ಷ ಹೊಸದು. ಹೊಸದು ಎಂದು ಯಾರೂ ತಕರಾರು ಮಾಡಿದ್ದಿಲ್ಲ. ಆದರೆ ಕಟ್ಟುವವರಿಗೆ ಯಾವ ಕಂಬ ಯಾವ ತೂತಿಗೆ, ಯಾವ ಹಗ್ಗ ಎಷ್ಟು ಬಿಗಿ ಎಂಬುದು ಗೊತ್ತಿರಬೇಕು. ಅದನ್ನು ಹೇಳಿಕೊಡುವುದು ಕೆಳಗೆ ನಿಂತ ಹಳೆಯ ಮರ.

ಈ ನೋಟದಿಂದ ನೋಡಿದರೆ ಟ್ಯಾಂಕಿ ಹೋದದ್ದು ನನಗೆ ನಷ್ಟವೆಂದೇ ಅನಿಸುವುದಿಲ್ಲ. ಅದು ಪಾತ್ರೆ. ಹಿಡಿದಿಡುವುದು ಅದರ ಕೆಲಸ, ಹಿಡಿದಿಟ್ಟದ್ದೇ ಅದನ್ನು ತಿಂದಿತು. ಹಿಡಿದಿಡುವ ಎಲ್ಲದರ ಪಾಡೂ ಹೆಚ್ಚುಕಡಿಮೆ ಇದೇ. ಉಳಿಸಿಕೊಳ್ಳಬೇಕಾದದ್ದು ಒಂದನ್ನು ಇನ್ನೊಂದಕ್ಕೆ ಕೂಡಿಸುವ ಸಣ್ಣ ಸಾಮಾನು: ಟ್ಯಾಂಕಿಯನ್ನು ಮುಳ್ಳಿಗೆ ಕೂಡಿಸುವ ಯೂನಿಟ್ಟು, ಯೂನಿಟ್ಟನ್ನು ಟ್ಯಾಂಕಿಗೆ ಕೂಡಿಸುವ ಉಂಗುರ, ಹೊರಗಿನ ಬಾಯಿಯನ್ನು ಒಳಗಿನ ಹೊಟ್ಟೆಗೆ ಕೂಡಿಸುವ ಮೂತಿಯ ಕೊಳವೆ. ಹೊಸ ಟ್ಯಾಂಕಿ ಈ ಕಾರಿನದು ಆಗುವುದು ಇವು ಬಂದು ಕೂತ ಮೇಲೆ. ಅಲ್ಲಿವರೆಗೆ ಅದು ಬರೀ ತಗಡಿನ ಪೆಟ್ಟಿಗೆ.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಪಾರಂಪರಿಕ ಗ್ರಾಮದಲ್ಲಿ ಕುಂದಾಪುರ ಸೀಮೆಯ ಹರ್ಕೂರಿನ ಒಳಗಿನಮನೆಯನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಮನೆಗಳು ಸೌದೆಯ ಬೆಲೆಗೆ ಹೋಗುತ್ತಿದ್ದ ಕಾಲದಲ್ಲಿ ಕಂಬ, ತೊಲೆ, ಬಾಗಿಲವಾಡ ಒಟ್ಟುಮಾಡಿದವರು ಅವರು. ಅಲ್ಲಿಗೆ ಹೋದವರೆಲ್ಲ ಕೆತ್ತನೆಯ ಕಂಬದ ಎದುರು ನಿಲ್ಲುತ್ತಾರೆ. ನನಗೆ ಕಂಬ ಮತ್ತು ತೊಲೆ ಸೇರುವ ಜಾಗ ನೋಡಬೇಕೆನಿಸುತ್ತದೆ. ಒಂದರ ಹಲ್ಲು ಇನ್ನೊಂದರ ಕುಳಿಗೆ ಕೂತಿರುವ ಆ ಸಂದು ಬೇರೆ ಊರಿಗೆ ಬಂದ ಮೇಲೂ ತನ್ನ ಜೊತೆಗಾರನನ್ನು ಮರೆತಿಲ್ಲ. ಧರ್ಮಸ್ಥಳದ ಸಂಗ್ರಹದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡುವಾಗಲೂ ಅಷ್ಟೇ. ಎಲ್ಲರೂ ಬಾನೆಟ್ಟಿನ ಹೊಳಪನ್ನು ನೋಡುತ್ತಿರುವಾಗ ನಾನು ಬಗ್ಗಿ ಡ್ಯಾಷ್‌ಬೋರ್ಡಿನಲ್ಲಿ ಪೆಟ್ರೋಲ್ ಮುಳ್ಳು ಎಲ್ಲಿದೆಯೆಂದು ಹುಡುಕುತ್ತೇನೆ.

ಒಂದು ಮಾತು ಹೇಳಿ ಮುಗಿಸುತ್ತೇನೆ. ನಿಮ್ಮ ಮನೆಯ ಶೆಡ್ಡಿನಲ್ಲೋ ಹಿತ್ತಲಿನಲ್ಲೋ ಹಳೆಯ ಅಂಬಾಸಿಡರ್, ಫಿಯೆಟ್, ಜೀಪು ಇದ್ದು ಅದರ ಟ್ಯಾಂಕಿ ಹೋಗಿದ್ದರೆ, ಇಡಿಯಾಗಿ ಗುಜರಿಗೆ ಕೊಡಬೇಡಿ. ಮೊದಲು ಯೂನಿಟ್ಟನ್ನು ತೋಳು ಬಾಗದಂತೆ ಬಿಚ್ಚಿಸಿ ತೆಗೆಯಿರಿ. ಉಂಗುರ, ತಿರುಪುಗಳು, ಮೂತಿಯ ಕೊಳವೆ, ಮುಚ್ಚಳ, ಬಿರಡೆ, ಪಟ್ಟಿಗಳನ್ನು ಎಣ್ಣೆ ಸವರಿ ಒಂದು ಡಬ್ಬದಲ್ಲಿ ಹಾಕಿ, ಯಾವ ಗಾಡಿಯದು, ಯಾವ ವರ್ಷದ್ದು ಎಂದು ಚೀಟಿ ಬರೆದಿಡಿ. ಹಳೆಯ ಟ್ಯಾಂಕಿಯನ್ನು ಹೊಸದು ಕೂತು, ಮುಳ್ಳು ಸರಿಯಾಗಿ ಏರಿಳಿಯುವುದನ್ನು ಕಣ್ಣಾರೆ ನೋಡುವವರೆಗೆ ಇಟ್ಟುಕೊಳ್ಳಿ, ಅಳತೆ ತೆಗೆಯಲು ಅದೇ ಬೇಕಾಗುತ್ತದೆ. ನಿಮಗೆ ಆ ಗಾಡಿ ಬೇಡವೇ ಬೇಡ ಎಂದಾದರೂ ಡಬ್ಬವನ್ನು ಊರಿನ ಹಳೆಯ ಗ್ಯಾರೇಜಿನಲ್ಲಿ ಕೊಟ್ಟುಬಿಡಿ. ಗುಜರಿಯವರು ಕೊಡುವುದು ತೂಕಕ್ಕೆ. ಅದನ್ನು ತೆಗೆದಿಟ್ಟುಕೊಂಡರೆ ನಿಮಗೆ ಕಡಿಮೆಯಾಗುವುದು ಎರಡು ಚಹಾದ ದುಡ್ಡು.